ಕರಡಿ ಅಂಜನಪ್ಪನ ಹೆಂಡತಿ

ಮಗಳು ಯಶೋದ ಫೋನಿನಲ್ಲಿ ಮೊದಲು ಹೇಳಿದ ಮಾತು, "ಅಮ್ಮ, ಇವತ್ತಿಂದ ಹೊಗೆಸೊಪ್ಪು ಬಿಡ್ಬೇಕು" ಎಂಬುದು.

ಎಲೆ ಅಡಿಕೆಯ ಚೀಲ ಗಂಗಾಲಕ್ಷ್ಮಿಯ ತೊಡೆಯ ಮೇಲೇ ಇತ್ತು. ಆಗತಾನೇ ಒಂದು ಎಸಳು ಮುರಿದು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. "ಅದ್ಯಾಕವ್ವಾ?" ಎಂದಳು.

"ಹೊಗೆಸೊಪ್ಪು ಹಾಕೋರಿಗೆ ಹೊಲಿಗೆ ಕೂಡಲ್ಲ. ಡಾಕ್ಟರಮ್ಮ ದಿನ ಕೊಟ್ಬಿಟ್ರು. ಮುಂದಿನ ತಿಂಗಳು ಎರಡನೇ ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ."

ಗಂಗಾಲಕ್ಷ್ಮಿ ಎಸಳನ್ನು ಚೀಲಕ್ಕೆ ವಾಪಸು ಹಾಕಿದಳು. ಯಶೋದ ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳ ಕಾಲೇಜಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರಿಂದ ಪ್ಲಾಸ್ಟಿಕ್ ಸರ್ಜರಿಯ ಡಾಕ್ಟರಮ್ಮ ಒಬ್ಬರು ಪಾಠ ಹೇಳಲು ಬಂದಿದ್ದರಂತೆ. ಪಾಠ ಮುಗಿದ ಮೇಲೆ ಯಶೋದ ಅವರ ಕಾರಿನವರೆಗೂ ಓಡಿಹೋಗಿ, ಫೋನಿನಲ್ಲಿದ್ದ ಅಮ್ಮನ ಮುಖ ತೋರಿಸಿ, ಕಾಡಿ ಬೇಡಿ ಒಪ್ಪಿಸಿದ್ದಳು.

"ಬರೀ ನೋಡೋಕಷ್ಟೇ ಅಮ್ಮ, ಅವತ್ತೇ ಆಪರೇಷನ್ ಇಲ್ಲ. ಆದ್ರೆ ರೆಡಿ ಮಾಡ್ಕೊಂಡು ಹೋಗ್ಬೇಕು. ಹಳೇ ಆಸ್ಪತ್ರೆ ಚೀಟಿ ಎಲ್ಲಾ ತೆಗ್ದಿಡು. ನಾನು ಬಂದಾಗ ರಕ್ತ ತಗೊಂಡು ಬಂದು ಇಲ್ಲಿ ಪರೀಕ್ಷೆ ಮಾಡಿಸ್ತೀನಿ. ಏಟಾಗೋಕೆ ಮುಂಚಿನ ಒಂದು ಫೋಟೋ ಬೇಕು. ಇನ್ನೊಂದು, ಒಂದು ಹಾಳೇಲಿ ಬರ್ಕೊಂಡು ಹೋಗ್ಬೇಕು. ಯಾವಾಗಾಯ್ತು, ಹೆಂಗಾಯ್ತು, ಈಗ ಏನೇನು ತೊಂದರೆ, ಆಪರೇಷನ್ನಿಂದ ನಿಂಗೇನು ಬೇಕು. ಒಳಗೋದ್ಮೇಲೆ ಎಲ್ರೂ ತಬ್ಬಿಬ್ಬಾಗಿ ಮರ್ತು ಬಿಡ್ತಾರಂತೆ. ಭಾನುವಾರ ಬರ್ತೀನಿ, ಕೂತ್ಕೊಂಡು ಬರೆಯೋಣ."

"ಹೆಂಗಾಯ್ತು ಅಂತಾನೂ ಬರೀಬೇಕಾ?"

"ಅದೇನು, ಊರಿಗೆಲ್ಲ ಗೊತ್ತಿರೋದೇ ಅಲ್ವಾ!" ಎಂದು ನಕ್ಕು ಯಶೋದ ಫೋನಿಟ್ಟಳು.

ನಿಜ, ನಿಡುಗಲ್ ಬೆಟ್ಟದ ಸುತ್ತ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಬೆಟ್ಟದ ಬುಡದ ಅವರ ಹಟ್ಟಿಗೆ ಹೊಸಬರು ಯಾರೇ ಬರಲಿ, ಕಾಡಸಿದ್ದಪ್ಪನ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಸಾಕು, ಕಥೆ ಶುರುವಾಗುತ್ತಿತ್ತು. ಒಂಬತ್ತು ವರ್ಷದ ಹಿಂದೆ, ಸೀತಾಫಲ ಹಣ್ಣಾಗುವ ಕಾಲದಲ್ಲಿ, ಅಂಜನಪ್ಪ ಮತ್ತು ಅವನ ಹೆಂಡತಿ ಗಂಗಾಲಕ್ಷ್ಮಿ ಆಡು ಹೊಡೆದುಕೊಂಡು ಬೆಟ್ಟಕ್ಕೆ ಹೋಗಿದ್ದರು. ಮರಿ ಕಟ್ಟಿಕೊಂಡಿದ್ದ ಹೆಣ್ಣು ಕರಡಿ ಗುಂಡುಕಲ್ಲಿನ ಸಂದಿಯಿಂದ ಎದ್ದು ಬಂದು ಹೆಂಡತಿಯ ಮೇಲೆ ಬಿತ್ತು. ಅಂಜನಪ್ಪ ಹಿಂದೆಮುಂದೆ ನೋಡದೆ ಕೊಡಲಿ ಬೀಸಿದ. ಒಂದೇಟು, ಎರಡೇಟು, ಮೂರನೇ ಏಟಿಗೆ ಕರಡಿ ಹೆಂಗಸನ್ನು ಬಿಟ್ಟು ಓಡಿತು. ಪೇಪರಿನಲ್ಲಿ ಬಂತು. ಕೊಡಲಿ ಹೆಗಲ ಮೇಲಿಟ್ಟುಕೊಂಡ ಅಂಜನಪ್ಪನ ಫೋಟೋದ ಕೆಳಗೆ 'ಕರಡಿಯೊಂದಿಗೆ ಸೆಣಸಿ ಪತ್ನಿಯ ಪ್ರಾಣ ಉಳಿಸಿದ ಸಾಹಸಿ' ಎಂದು ಬರೆದಿದ್ದರು. ಪಾವಗಡದಲ್ಲಿ ಒಂದು ಸಂಘದವರು ಶಾಲು ಹೊದಿಸಿದರು. ಅಂದಿನಿಂದ ಅವನು ಕರಡಿ ಅಂಜನಪ್ಪನಾದ. ಆ ಹೆಸರಿನ ಮೇಲೇ ಎರಡು ಸಲ ಪಂಚಾಯಿತಿ ಮೆಂಬರಾದ. ಗಂಗಾಲಕ್ಷ್ಮಿಯನ್ನು ಜನ ಕರಡಿ ಅಂಜನಪ್ಪನ ಹೆಂಡತಿ ಎಂದರು.

ಆಗ ಅವಳು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದಳು. ದವಡೆಗೆ ತಂತಿ ಕಟ್ಟಿದ್ದರಿಂದ ಬಾಯಿ ತೆರೆಯುವ ಹಾಗಿರಲಿಲ್ಲ. ತಂತಿ ಬಿಚ್ಚಿ ಊರಿಗೆ ಬರುವ ಹೊತ್ತಿಗೆ ಕಥೆ ಹೆಪ್ಪುಗಟ್ಟಿದ ಮೊಸರಿನ ಹಾಗೆ ಕೂತುಬಿಟ್ಟಿತ್ತು. ಬೇಕಾದವರು ಬಂದು ಅವಳ ಮುಂದೆಯೇ ಅದನ್ನು ಹೇಳಿ, "ಪುಣ್ಯವಂತೆ ಕಣಮ್ಮ ನೀನು" ಎಂದು ಅವಳ ಕೈ ಹಿಡಿದುಕೊಳ್ಳುತ್ತಿದ್ದರು.

ಪುಣ್ಯದ ಗುರುತು ಮುಖದ ಎಡಭಾಗದಲ್ಲಿತ್ತು. ಕೆನ್ನೆಯ ಚರ್ಮ ಗಂಟುಗಂಟಾಗಿ ಎಳೆದುಕೊಂಡು ಕೆಳರೆಪ್ಪೆಯನ್ನು ಕೆಳಗೆ ಜಗ್ಗಿ ಹಿಡಿದಿತ್ತು. ಹಾಗಾಗಿ ಎಡಗಣ್ಣು ನಿದ್ದೆಯಲ್ಲೂ ಮುಚ್ಚುತ್ತಿರಲಿಲ್ಲ. ಮೂಗಿನ ಎಡ ಹೊಳ್ಳೆ ಅರ್ಧ ಇರಲಿಲ್ಲ. ತುಟಿಯ ಮೂಲೆ ಸೀಳಿ ಕೂಡಿಕೊಂಡ ಕಡೆ ಸಂದಿ ಉಳಿದಿತ್ತು. ಅಲ್ಲಿಂದ ಸಾರು ಸೋರುತ್ತಿತ್ತು, ಮಾತೂ ಸೋರುತ್ತಿತ್ತು. ತುಟಿ ಕೂಡಿಸಿ ಹೇಳುವ ಯಾವ ಅಕ್ಷರವೂ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅಮ್ಮ ಎನ್ನಲು ಬರುತ್ತಿರಲಿಲ್ಲ, ಅಪ್ಪ ಎನ್ನಲೂ ಬರುತ್ತಿರಲಿಲ್ಲ. ಮನೆಯವರಿಗೆ ಅವಳ ಮಾತು ರೂಢಿಯಾಗಿತ್ತು. ಹೊರಗಿನವರು ಅವಳು ಹೇಳಿದ್ದನ್ನು ಅಂಜನಪ್ಪನ ಕಡೆ ತಿರುಗಿ, "ಏನಂತಾರೆ?" ಎಂದು ಕೇಳುತ್ತಿದ್ದರು.

ಅಂಜನಪ್ಪನಿಗೆ ಬೆಂಗಳೂರಿನ ಸುದ್ದಿ ಮೊದಲು ಅಷ್ಟು ಹಿಡಿಸಲಿಲ್ಲ. "ನಲವತ್ತಾಯ್ತು. ಈಗ ಮೊಕ ತಿದ್ದಿಸ್ಕಂಡು ಯಾವ ಹಬ್ಬಕ್ಕೋಗ್ಬೇಕು?" ಎಂದ. ಆದರೆ ಎರಡು ದಿನ ಬಿಟ್ಟು ತಾನೇ ಪಾವಗಡದಿಂದ ಒಂದು ನೀಲಿ ಪ್ಲಾಸ್ಟಿಕ್ ಫೈಲು ತಂದ. ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದ. ಎಲ್ಲಕ್ಕಿಂತ ಮೇಲೆ, ಲ್ಯಾಮಿನೇಷನ್ ಮಾಡಿಸಿದ್ದ ಪೇಪರಿನ ತುಂಡನ್ನು ಇಟ್ಟ.

"ಡಾಕ್ಟ್ರು ಮೊದ್ಲು ಇದ್ನೇ ನೋಡ್ಬೇಕು. ಆಗ ಅವರಿಗೂ ಒಂದು ಇದು ಬರ್ತೈತೆ," ಎಂದ. "ನೀನು ಒಳಗೆ ಮಾತಾಡಕೋಗ್ಬ್ಯಾಡ. ನಿನ್ನ ಮಾತು ಅವ್ರಿಗೆ ತಿಳಿಯಾಕಿಲ್ಲ. ನಾನೇ ಎಲ್ಲಾ ಹೇಳ್ತೀನಿ."

ಗಂಗಾಲಕ್ಷ್ಮಿ ಫೋಟೋ ಹುಡುಕಲು ಎದ್ದಳು. ಟ್ರಂಕು ಜಾಲಾಡಿದಳು, ಅಟ್ಟದ ಮೇಲಿನ ಮಡಕೆ ಇಳಿಸಿ ನೋಡಿದಳು. ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ಯಶೋದಳ ಶಾಲೆಯ ಫೋಟೋಗಳಿದ್ದವು, ಶಾಲು ಹೊದ್ದ ಅಂಜನಪ್ಪನ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಕೊನೆಗೆ ಸಿಕ್ಕಿದ್ದು ಅವಳ ಹಳೆಯ ವೋಟಿನ ಕಾರ್ಡು ಒಂದೇ. ಹೆಬ್ಬೆರಳ ಉಗುರಿನಷ್ಟು ಚಿತ್ರ, ಕಪ್ಪು ಬಿಳುಪು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ದುಃಖವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಯಾವುದೋ ಊರಿನ ಹೆಣ್ಣು ಮಗಳು, ಸ್ವಲ್ಪ ಜಂಬದವಳು, ಫೋಟೋದವನು ಗಲ್ಲ ಎತ್ತು ಎಂದದ್ದಕ್ಕೆ ಜಾಸ್ತಿಯೇ ಎತ್ತಿದ್ದಾಳೆ ಎನಿಸಿತು. ಕಾರ್ಡನ್ನು ಫೈಲಿನೊಳಕ್ಕೆ ಸೇರಿಸಿದಳು.

ಹೊಗೆಸೊಪ್ಪು ಬಿಟ್ಟದ್ದು ಮಾತ್ರ ಕಷ್ಟವಾಯಿತು. ಬಿಟ್ಟ ನಾಲ್ಕನೇ ದಿನಕ್ಕೆ ತಲೆ ಸಿಡಿಯತೊಡಗಿತು. ಆಡುಗಳ ಮೇಲೆ ರೇಗಿದಳು, ಕಲ್ಲು ಬೀಸಿ ಒಂದು ಮರಿಯ ಕಾಲು ಕುಂಟು ಮಾಡಿದಳು. ಆ ದಿನಗಳಲ್ಲಿ ಅವಳ ಮನಸ್ಸಿನಲ್ಲಿ ಮಗಳು ಹೇಳಿದ ಆ ಹಾಳೆಯೇ ಕೂತಿತ್ತು. ಹೆಂಗಾಯ್ತು? ಒಂಬತ್ತು ವರ್ಷದಲ್ಲಿ ಒಬ್ಬರೂ ಅವಳನ್ನು ಹಾಗೆ ಕೇಳಿರಲಿಲ್ಲ. ಎಲ್ಲರೂ ಅವಳಿಗೇ ಹೇಳಿದ್ದರು.

ಭಾನುವಾರ ಯಶೋದ ಬಂದಳು. ಅಂಜನಪ್ಪ ಯಾವುದೋ ಪಂಚಾಯಿತಿ ಜಗಳ ತೀರಿಸಲು ವೈ.ಎನ್. ಹೊಸಕೋಟೆಗೆ ಹೋಗಿದ್ದ. ತಾಯಿ ಮಗಳು ಇಬ್ಬರೂ ಹೊಂಗೆಮರದ ಕೆಳಗೆ ಚಾಪೆ ಹಾಕಿಕೊಂಡು ಕೂತರು. ಯಶೋದ ನೋಟ್‌ಬುಕ್ಕಿನಿಂದ ಹಾಳೆ ಹರಿದು ಅಂಚಿಗೆ ಗೆರೆ ಎಳೆದಳು.

"ಮೊದಲು ತೊಂದರೆ ಹೇಳಮ್ಮ."

"ಕಣ್ಣಿಗೆ ಧೂಳು ಬೀಳ್ತದೆ. ಗಾಳಿ ಬೀಸಿದ್ರೆ ಸುರೀತದೆ. ರಾತ್ರಿ ಬಟ್ಟೆ ಕಟ್ಕಂಡು ಮಲಗ್ತೀನಿ."

"ಆಮೇಲೆ?"

"ನೀರು ಕುಡಿದ್ರೆ ಸೋರ್ತದೆ. ಯಾರ ಮನೇಲೂ ಉಣ್ಣಾಕೆ ಕುಂದ್ರಲ್ಲ ನಾನು."

ಯಶೋದ ತಲೆ ಎತ್ತಿದಳು. ಅಮ್ಮ ಮದುವೆ ಮುಂಜಿಗೆ ಹೋದಾಗಲೆಲ್ಲ ಹಸಿವಿಲ್ಲ ಎನ್ನುತ್ತಿದ್ದುದು ಅವಳಿಗೆ ನೆನಪಾಗಿರಬೇಕು. ಮತ್ತೆ ಬರೆದಳು. "ಸರಿ. ಈಗ ನಿಂಗೇನು ಬೇಕು?"

ಗಂಗಾಲಕ್ಷ್ಮಿ ಬೆರಳು ಮಡಿಚುತ್ತ ಹೇಳಿದಳು. "ಕಣ್ಣು ಮುಚ್ಚಿದ್ರೆ ಮುಚ್ಕಬೇಕು. ತುಟಿ ಕೂಡ್ಬೇಕು, ಮಾತು ನೆಟ್ಟಗೆ ಬರ್ಬೇಕು. ಮೂಗು ಆಗ್ದಿದ್ರೆ ಬ್ಯಾಡ."

"ಚೆನ್ನಾಗಿ ಕಾಣ್ಬೇಕು ಅಂತ ಬರೀಲಾ?"

"ಬ್ಯಾಡ. ಮಾತು ಬಂದ್ರೆ ಸಾಕು ಅಂತ ಬರಿ."

"ಹೆಂಗಾಯ್ತು ಅನ್ನೋದನ್ನ ಅಪ್ಪ ಹೇಳೋ ಹಂಗೇ ಬರ್ದು ಬಿಡ್ತೀನಿ," ಎಂದು ಯಶೋದ ಪೆನ್ನು ಊರಿದಳು.

"ತಡಿ," ಎಂದಳು ಗಂಗಾಲಕ್ಷ್ಮಿ. "ನಾನು ಹೇಳ್ತೀನಿ ಬರಿ."

ಹೇಳತೊಡಗಿದಳು. ನಿಧಾನವಾಗಿ, ಮಗಳಿಗೆ ಒಂದೊಂದು ಮಾತೂ ತಿಳಿಯುವ ಹಾಗೆ. "ನಿಮ್ಮಪ್ಪ ಮುಂದೆ ಇದ್ದ. ಕರಡಿ ಎದ್ದದ್ದು ನನ್ನ ಹಿಂದೆ. ಇಬ್ರೂ ಓಡಿದ್ವಿ. ಒಂದೂವರೆ ಆಳೆತ್ತರದ ಗುಂಡು ಇತ್ತು, ಅವ್ನು ಹತ್ತಿಬುಟ್ಟ. ನಾನು ಕೈ ಚಾಚ್ದೆ. ಹಿಡ್ಕಂಡ. ಮೇಲಕ್ಕೆ ಎಳೀತಿದ್ದ, ಸುಳ್ಳು ಹೇಳಾಕಿಲ್ಲ, ಎಳೀತಿದ್ದ. ಅಷ್ಟ್ರಲ್ಲಿ ಕರಡಿ ನನ್ನ ಸೀರೆಗೆ ಬಾಯಿ ಹಾಕ್ತು. ಅವ್ನು ಕೈ ಕೊಡವಿದ."

"ಜಾರಿತಾ?"

"ಜಾರಲಿಲ್ಲ. ಕೊಡವಿದ. ಮೈಮೇಲೆ ಬಿದ್ದ ಹುಳ ಕೊಡವೋ ಹಂಗೆ. ನಾನು ಅಂಗಾತ ಬಿದ್ದೆ. ಕರಡಿ ಮೊಕದ ಮೇಲೆ ಬಂತು. ಅವ್ನು ಗುಂಡಿನ ಮೇಲೆ ಕುಕ್ಕರಗಾಲಲ್ಲಿ ಕುಂತು ನೋಡ್ತಿದ್ದ. ಕೂಗ್ಲೂ ಇಲ್ಲ, ಒಂದು ಕಲ್ಲು ಎತ್ತಾಕ್ಲೂ ಇಲ್ಲ. ಕೂಗಿದ್ರೆ ತನ್ನ ಕಡೆ ತಿರುಗ್ತದೆ ಅಂತ. ಸಾಕಾದ್ಮೇಲೆ ಕರಡಿ ತಾನೇ ಮರಿ ಕರ್ಕಂಡು ಹೋಯ್ತು. ನನ್ನ ಅರಚಾಟ ಕೇಳಿ ಕೆಳಗಿಂದ ಕಾಡಸಿದ್ದಪ್ಪನೋರು ಓಡಿ ಬರೋದು ಕಂಡ ಮ್ಯಾಲೆ ನಿಮ್ಮಪ್ಪ ಇಳಿದ."

ಪೆನ್ನು 'ನಿಮ್ಮಪ್ಪ ಮುಂದೆ ಇದ್ದ' ಎಂಬಲ್ಲೇ ನಿಂತಿತ್ತು. ಯಶೋದ ಎಂಟನೇ ಕ್ಲಾಸಿನಲ್ಲಿ 'ನನ್ನ ಅಪ್ಪ' ಎಂದು ಭಾಷಣ ಮಾಡಿ ತಟ್ಟೆ ಗೆದ್ದು ತಂದವಳು. ಆ ತಟ್ಟೆಯಲ್ಲೇ ಅಂಜನಪ್ಪ ಇವತ್ತಿಗೂ ಉಣ್ಣುತ್ತಿದ್ದ. ಅವಳು ಬರೆದಷ್ಟನ್ನು ಗೀಚಿ ಹೊಡೆದುಹಾಕಿ, ಅದರ ಕೆಳಗೆ 'ಕರಡಿ ದಾಳಿ' ಎಂದು ಎರಡು ಪದ ಬರೆದಳು.

"ಡಾಕ್ಟರಿಗೆ ಇಷ್ಟು ಸಾಕಮ್ಮ. ಉಳಿದಿದ್ದು ಅವರಿಗೆ ಬೇಕಾಗಲ್ಲ."

"ನಿಂಗೆ ನಂಬಿಕೆ ಇಲ್ವಾ?"

"ನಂಬ್ತೀನಿ." ಯಶೋದ ಪೆನ್ನಿನ ಮುಚ್ಚಳ ಹಾಕಿದಳು. "ನಂಬ್ತೀನಿ ಕಣಮ್ಮ, ಅದಕ್ಕೇ. ಒಂಬತ್ತು ವರ್ಷ ಸುಮ್ನಿದ್ದೆಯಲ್ಲ, ಇನ್ನೊಂದು ಸ್ವಲ್ಪ ದಿನ ಸುಮ್ನಿದ್ದಿದ್ರೆ ಏನಾಗ್ತಿತ್ತು? ನಾನು ಈಗ ಅಪ್ಪನ ಮುಖ ಹೆಂಗೆ ನೋಡ್ಲಿ?"

ಸಂಜೆಯ ಬಸ್ಸಿಗೆ ಹೋಗಬೇಕಾದವಳು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಗಂಗಾಲಕ್ಷ್ಮಿ ಬಸ್ಸು ಬರುವವರೆಗೂ ಅವಳ ಪಕ್ಕದಲ್ಲಿ ನಿಂತಿದ್ದಳು. ಕೇಳಲು ಮಗಳಿಗೆ ಕಷ್ಟವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಮಗಳು ಮರುಗಿದ್ದು ಯಾರಿಗೋಸ್ಕರ ಎಂಬುದನ್ನು ಎಷ್ಟು ಸಲ ತಿರುವಿ ಹಾಕಿದರೂ ಅದರಲ್ಲಿ ತನ್ನ ಪಾಲು ಕಾಣಲಿಲ್ಲ.

ಮಾರನೆಯ ದಿನ ಆಡುಗಳನ್ನು ಹಳ್ಳದ ಕಡೆ ಬಿಟ್ಟು, ಬಂಡೆಯ ಮೇಲೆ ಕೂತು ತಾನೇ ಬರೆದಳು. ಏಳನೇ ಕ್ಲಾಸಿನವರೆಗೆ ಓದಿದ್ದಳು, ಅದೂ ಇಪ್ಪತ್ತೇಳು ವರ್ಷದ ಹಿಂದೆ. ಒತ್ತಕ್ಷರ ಎಲ್ಲಿ ಕೊಡಬೇಕೆಂದು ಮರೆತುಹೋಗಿತ್ತು. ಮೂರು ದಿನ ಹಿಡಿಯಿತು. ಬರೆದದ್ದು ಹದಿನಾಲ್ಕು ಸಾಲು. ಅದರಲ್ಲಿ ಬೈಗುಳ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು, ಕೆಳಗೆ ಹೆಸರು ಹಾಕಿ, ನಾಲ್ಕು ಮಡಿಕೆ ಮಾಡಿ ಫೈಲಿನಲ್ಲಿ ವೋಟಿನ ಕಾರ್ಡಿನ ಹಿಂದೆ ಇಟ್ಟಳು.

ಹೊರಡುವುದಕ್ಕೆ ಎರಡು ದಿನ ಮುಂಚೆ ಅಂಜನಪ್ಪ ಫೈಲನ್ನು ಇನ್ನೊಂದು ಸಲ ಸರಿಮಾಡಲು ಕೂತ. ಅವಳು ರಾಗಿ ಕೇರುತ್ತಿದ್ದಳು. ಕಾಗದ ಬಿಚ್ಚುವ ಸದ್ದು ಕೇಳಿತು, ಆಮೇಲೆ ಯಾವ ಸದ್ದೂ ಇಲ್ಲ. ಮೊರ ಕೆಳಗಿಟ್ಟು ನೋಡಿದರೆ ಅವನು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ಎರಡನೇ ಸಲ ಓದುತ್ತಿದ್ದ.

"ಇದ್ನ ಯಾರಿಗೆ ತೋರಿಸ್ದೆ?"

"ಯಶೋದಂಗೆ ಹೇಳ್ದೆ."

ಅವನ ಕೈ ಹಾಳೆಯ ಸಮೇತ ತೊಡೆಯ ಮೇಲೆ ಬಿತ್ತು. "ಕೈ ಬುಡದೆ ಇದ್ದಿದ್ರೆ ಇಬ್ರೂ ಸಾಯ್ತಿದ್ವಿ," ಎಂದ. "ಆ ಮಗೀನ ಯಾರು ಸಾಕ್ತಿದ್ರು?"

"ಹೌದು. ನೀನು ಅದ್ನೇ ಹೇಳಿದ್ರೆ ಆಯ್ತಿತ್ತಲ್ಲ," ಎಂದಳು ಗಂಗಾಲಕ್ಷ್ಮಿ. "ಹೆದರ್ಕಂಡೆ ಕಣೇ, ಕೈ ಬುಟ್ಟೆ ಅಂತ ಒಂದು ಮಾತು ನನ್ನ ಹತ್ರ ಹೇಳಿದ್ರೆ ನಾನು ಒಪ್ಕಂತಿದ್ದೆ. ಯಾರಿಗಾದ್ರೂ ಭಯ ಆಯ್ತದೆ. ನಂಗೂ ಆಗಿತ್ತು. ನಾನು ಹಾಸಿಗೆ ಮ್ಯಾಲೆ ಬಾಯಿ ಕಟ್ಟಿಸ್ಕಂಡು ಬಿದ್ದಿದ್ದಾಗ ನೀನು ನನ್ನ ಮಗ್ಗುಲಲ್ಲೇ ನಿಂತ್ಕಂಡು ಪೇಪರಿನೋರಿಗೆ ಕೊಡ್ಲಿ ಕಥೆ ಹೇಳ್ದೆ. ನನ್ನ ಕಿವಿ ನೆಟ್ಟಗಿತ್ತು."

"ಅವ್ರು ಕೇಳಿದ್ರು, ಬಾಯಿಗೆ ಬಂತು ಹೇಳ್ದೆ. ಆಮೇಲೆ ವಾಪಸ್ ತಗಳಾಕೆ ಆಗ್ಲಿಲ್ಲ."

"ಒಂಬತ್ತು ವರ್ಷ?"

ಅಂಜನಪ್ಪ ಹಾಳೆಯನ್ನು ಮೊದಲಿದ್ದ ಮಡಿಕೆಗೇ ಮಡಿಚಿ ಫೈಲಿನಲ್ಲಿಟ್ಟ. ಹರಿಯುತ್ತಾನೆ ಎಂದುಕೊಂಡಿದ್ದಳು, ಹರಿಯಲಿಲ್ಲ. ಲ್ಯಾಮಿನೇಷನ್ ಮಾಡಿಸಿದ ಪೇಪರಿನ ತುಂಡನ್ನು ಮಾತ್ರ ಹೊರಗೆ ತೆಗೆದುಕೊಂಡ. "ಆ ಹಾಳೆ ಫೈಲಲ್ಲಿದ್ರೆ ನಾನು ಬೆಂಗ್ಳೂರಿಗೆ ಬರಾಕಿಲ್ಲ. ನಂಗೂ ಒಂದು ಮರ್ವಾದೆ ಐತೆ," ಎಂದು ಎದ್ದುಹೋದ.

ಹಾಗಾಗಿ ಜೊತೆಗೆ ಹೊರಟಿದ್ದು ಹೊನ್ನಕ್ಕ. ಅಂಜನಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ಪಕ್ಕದ ಮನೆಯಲ್ಲೇ ಇದ್ದವಳು. ಆಸ್ಪತ್ರೆಯ ಮೂರು ತಿಂಗಳು ಗಂಗಾಲಕ್ಷ್ಮಿಗೆ ಕೊಳವೆಯಲ್ಲಿ ಗಂಜಿ ಹಾಕಿದವಳು ಅವಳೇ. "ಅವ್ನ್ಯಾಕೆ ಬರಲ್ಲ?" ಎಂದು ಕೇಳದೆ ಬುತ್ತಿ ಕಟ್ಟಿಕೊಂಡು ಬಂದಳು. ಮಂಗಳವಾರ ಬೆಳಿಗ್ಗೆ ಹನುಮಂತರಾಜುವಿನ ಆಟೋದಲ್ಲಿ ಪಾವಗಡಕ್ಕೆ ಬಂದು ಇಬ್ಬರೂ ಬೆಂಗಳೂರು ಬಸ್ಸು ಹತ್ತಿದರು. ಗಂಗಾಲಕ್ಷ್ಮಿ ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ಕೂತಳು.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಯಶೋದ ಕಾಯುತ್ತಿದ್ದಳು. ಅವತ್ತು ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು, ಬರುವ ಹಾಗಿರಲಿಲ್ಲ. ಕಿಟಕಿಯಿಂದ ರಕ್ತ ಪರೀಕ್ಷೆಯ ರಿಪೋರ್ಟು ಮತ್ತು ಒಗೆದು ಮಡಿಚಿದ ಒಂದು ಕರ್ಚೀಫು ಕೊಟ್ಟಳು. ಅಮ್ಮನ ಮುಖದ ಬದಲು ಬಸ್ಸಿನ ಚಕ್ರದ ಕಡೆ ನೋಡುತ್ತ, "ನಾನು ಬರೆದ ಹಾಳೆ ಇಟ್ಕೊಂಡ್ಯಾ?" ಎಂದಳು.

"ಎರಡೂ ಹಾಳೆ ಐತೆ," ಎಂದಳು ಗಂಗಾಲಕ್ಷ್ಮಿ.

ಬಸ್ಸು ಹೊರಟಿತು. ಏಕಶಿಲೆಯ ಬೆಟ್ಟ ಹಿಂದಕ್ಕೆ ಸರಿಯಿತು. ಊರು ದಾಟಿದ ಮೇಲೆ ಹೊನ್ನಕ್ಕ ಕೇಳಿದಳು. "ಅದೇನೇ ಅದು, ಎರಡು ಹಾಳೆ?"

ಗಂಗಾಲಕ್ಷ್ಮಿ ಹೇಳಿಬಿಟ್ಟಳು. ಬಸ್ಸಿನ ಸದ್ದಿನಲ್ಲಿ ಹೊನ್ನಕ್ಕನಿಗೆ ಎಷ್ಟು ಕೇಳಿತೋ ಎಂದು ಎರಡು ಸಲ ನಿಲ್ಲಿಸಿ ನೋಡಿದಳು. ಹೊನ್ನಕ್ಕ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಆಲಿಸುತ್ತಿದ್ದಳು. ಮುಖದಲ್ಲಿ ಗಾಬರಿಯಿಲ್ಲ, ಅಚ್ಚರಿಯೂ ಇಲ್ಲ. ಮುಗಿದ ಮೇಲೆ, "ಆ ಕೊಡ್ಲಿ ಅವತ್ತು ನಮ್ಮನೇಲಿತ್ತು ಕಣೆ," ಎಂದಳು.

"ಏನಕ್ಕಾ?"

"ಸೌದೆ ಒಡೆಯಾಕೆ ಅಂತ ನಾನೇ ಹಿಂದಿನ ದಿನ ಇಸ್ಕಂಡೋಗಿದ್ದೆ. ಪೇಪರಿನೋರು ಫೋಟೋ ಹಿಡೀತೀವಿ ಅಂದಾಗ ಅವ್ನು ನಮ್ಮನೆಗೆ ಬಂದು ತಗಂಡೋದ. ಅವನ ಮೈಮ್ಯಾಲೆ ಒಂದು ಗೀರು ಇರ್ಲಿಲ್ಲ, ಅಂಗೀಲಿ ಒಂದು ಹನಿ ರಕ್ತ ಇರ್ಲಿಲ್ಲ. ಕರಡಿ ಜತೆ ಹೊಡೆದಾಡ್ದೋನು ಹಂಗಿರ್ತಾನಾ? ಕಾಡಸಿದ್ದಪ್ಪ ಬಂದಾಗ ಅವ್ನು ಇನ್ನೂ ಗುಂಡಿಂದ ಇಳೀತಿದ್ನಂತೆ. ಹಟ್ಟಿಗೆಲ್ಲ ಗೊತ್ತು ಕಣೆ ಗಂಗಾ. ಅವತ್ತೇ ಗೊತ್ತಿತ್ತು."

ಗಂಗಾಲಕ್ಷ್ಮಿ ಒಂಬತ್ತು ವರ್ಷ ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡದ್ದು ಊರಿನವರೆಲ್ಲರ ಮನೆಯಲ್ಲೂ ಇತ್ತು. ಅವರೆಲ್ಲ ಬಂದು ಅವಳ ಕೈ ಹಿಡಿದು ಪುಣ್ಯವಂತೆ ಎಂದಿದ್ದರು.

"ಯಾಕಕ್ಕಾ ಯಾರೂ ಬಾಯಿ ಬುಡ್ಲಿಲ್ಲ?"

"ನಿನಗೋಸ್ಕರಾನೇ ಕಣಮ್ಮಿ." ಹೊನ್ನಕ್ಕ ದನಿ ತಗ್ಗಿಸಿದಳು. "ನೀನು ಆಸ್ಪತ್ರೇಲಿ ಬಿದ್ದಿದ್ದೆ. ಮೊಕ ನೋಡಿದೋರೆಲ್ಲ, ಇನ್ನ ಅಂಜನಪ್ಪ ಇವಳ್ನ ಬುಟ್ಟು ಇನ್ನೊಂದು ಕಟ್ಕಂತಾನೆ ಅಂತಲೇ ಆಡ್ಕಂತಿದ್ರು. ಅವನ ಮನಸ್ನಾಗೂ ಇತ್ತು, ನಾನು ಅಕ್ಕ, ನಂಗೆ ಗೊತ್ತಾಗಲ್ವಾ? ಅಷ್ಟ್ರಲ್ಲಿ ಈ ಕಥೆ ಹುಟ್ತು. ಹೆಂಡ್ತೀನ ಕರಡಿ ಬಾಯಿಂದ ಬುಡಿಸ್ದೋನು ಅಂತ ಊರೆಲ್ಲ ಹೊಗಳಿದ್ರೆ, ಅಂಥಾ ಹೆಂಡ್ತೀನ ಅವ್ನು ಹೆಂಗೆ ಬುಡ್ತಾನೆ? ಹಿರೇರು ನಾಲ್ಕು ಜನ ಕುಂತು ಮಾತಾಡಿ, ಇದ್ದಂಗೆ ಇರ್ಲಿ ಬುಡ್ರಿ ಅಂದ್ರು. ಜುಂಜಪ್ಪನಾಣೆ, ನಿನ್ನ ಒಳ್ಳೇದಕ್ಕೇ ಕಣೆ."

"ನನ್ನ ಒಂದು ಮಾತು ಕೇಳಿದ್ರಾ?"

"ನಿಂಗೆ ಆಗ ಬಾಯಿ ಎಲ್ಲಿತ್ತು?" ಎಂದಳು ಹೊನ್ನಕ್ಕ. ಕುಹಕವಾಗಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ.

ಕೊರಟಗೆರೆಯಲ್ಲಿ ಸಿದ್ದರಬೆಟ್ಟಕ್ಕೆ ಹೋಗಿ ಬಂದವರ ಗುಂಪೊಂದು ಬಸ್ಸು ಹತ್ತಿತು. ಒಬ್ಬ ಹೆಂಗಸು ಎದುರು ನಿಂತು ಗಂಗಾಲಕ್ಷ್ಮಿಯ ಮುಖ ಕಂಡು ಚಕ್ಕನೆ ಬೇರೆ ಕಡೆ ತಿರುಗಿದಳು. ಸೆರಗು ಜಾರಿದ್ದು ಗಂಗಾಲಕ್ಷ್ಮಿಗೆ ಆಗ ಗೊತ್ತಾಯಿತು. ಮೇಲೆ ಎಳೆದುಕೊಳ್ಳುವ ಮನಸ್ಸಾಗಲಿಲ್ಲ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಹೊನ್ನಕ್ಕ ಬುತ್ತಿ ಬಿಚ್ಚಿ ರೊಟ್ಟಿ ಚೂರು ಮಾಡಿ ಕೊಟ್ಟಳು, ಗಂಗಾಲಕ್ಷ್ಮಿ ಬೇಡವೆಂದು ತಲೆಯಾಡಿಸಿದಳು.

ಆಸ್ಪತ್ರೆಯಲ್ಲಿ ಹನ್ನೆರಡು ಎಂದದ್ದು ಎರಡೂವರೆಯಾಯಿತು. ಮೊದಲು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ಕೇಳಿದ. "ಏನಾಗಿದ್ದು?"

ಗಂಗಾಲಕ್ಷ್ಮಿ ಫೈಲಿನಿಂದ ಮಡಿಚಿದ ಹಾಳೆ ತೆಗೆಯುವಷ್ಟರಲ್ಲಿ ಹೊನ್ನಕ್ಕ, "ಕರಡಿ ಸಾಮಿ," ಎಂದಳು. ಅವನು ಎರಡು ಪದ ಒತ್ತಿ ಮುಂದಿನ ಪ್ರಶ್ನೆಗೆ ಹೋದ. ಸಕ್ಕರೆ ಕಾಯಿಲೆ ಇದೆಯಾ, ಬಿ.ಪಿ. ಇದೆಯಾ, ಹೊಗೆಸೊಪ್ಪು ಬಿಟ್ಟು ಎಷ್ಟು ದಿನವಾಯಿತು. ಆಮೇಲೆ ದೊಡ್ಡ ಡಾಕ್ಟರಮ್ಮ ಬಂದರು. ಕೈ ತೊಳೆದುಕೊಂಡು ಬಂದು ಗಂಗಾಲಕ್ಷ್ಮಿಯ ಕೆನ್ನೆ ಹಿಡಿದು, ಚರ್ಮವನ್ನು ಬೆರಳಿನಿಂದ ಎತ್ತಿ, ಜಗ್ಗಿ, ಕಣ್ಣು ಮುಚ್ಚಿಸಿ ತೆರೆಸಿ, ಬಾಯೊಳಗೆ ದೀಪ ಬಿಟ್ಟು ನೋಡಿದರು. ಕರಡಿಯ ನಂತರ ಆ ಕೆನ್ನೆಯನ್ನು ಇಷ್ಟು ಹೊತ್ತು ಯಾರೂ ಮುಟ್ಟಿರಲಿಲ್ಲ.

"ಏನು ಬೇಕಮ್ಮ ನಿಮಗೆ?"

"ಕಣ್ಣು ಮುಚ್ಬೇಕು. ಮಾತು ಬರ್ಬೇಕು."

"ಏನಂದ್ರು?" ಎಂದು ಡಾಕ್ಟರಮ್ಮ ಹೊನ್ನಕ್ಕನ ಕಡೆ ನೋಡಿದರು. ಹೊನ್ನಕ್ಕ ಬಾಯಿ ತೆರೆಯುವ ಮುಂಚೆ ಗಂಗಾಲಕ್ಷ್ಮಿ ಯಶೋದ ಬರೆದ ಹಾಳೆಯನ್ನು ಮುಂದಿಟ್ಟಳು. ಡಾಕ್ಟರಮ್ಮ ಅದನ್ನು ಪೂರ್ತಿ ಓದಿದರು. ಇನ್ನೊಂದು ಹಾಳೆ, ಅವಳೇ ಬರೆದದ್ದು, ಅದರ ಕೆಳಗೇ ಇತ್ತು. ಅದನ್ನೂ ಕೈಗೆ ತೆಗೆದುಕೊಂಡು ಅರ್ಧ ಬಿಚ್ಚಿದರು. ಅಷ್ಟರಲ್ಲಿ ನರ್ಸು ಬಂದು ಏನೋ ಕೇಳಿದಳು. ಅವಳಿಗೆ ಉತ್ತರ ಹೇಳುತ್ತಲೇ ಹಾಳೆಯನ್ನು ಫೈಲಿನೊಳಕ್ಕೆ ಸೇರಿಸಿ ಕ್ಲಿಪ್ಪು ಹಾಕಿದರು.

ನಿಜವನ್ನೇ ಹೇಳಿದರು. ಮೊದಲಿನ ಮುಖ ಬರುವುದಿಲ್ಲ. ಕಣ್ಣು ಮುಚ್ಚುವ ಹಾಗೆ ಮಾಡಬಹುದು, ತುಟಿ ಕೂಡಿಸಬಹುದು, ಮಾತು ಮುಕ್ಕಾಲು ಪಾಲು ಸರಿಹೋಗಬಹುದು. ಮೂಗಿಗೆ ಹಣೆಯ ಚರ್ಮ ತಿರುಗಿಸಬೇಕು, ಅದು ಆಮೇಲೆ. ಒಟ್ಟು ಮೂರು ಆಪರೇಷನ್, ಒಂದೂವರೆ ವರ್ಷ. 'ಏಟಾದಾಗಲೇ ಬಂದಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು' ಎಂದೂ ಹೇಳಿದರು. ಮೊದಲ ಆಪರೇಷನ್ನಿಗೆ ದಿನ ಗೊತ್ತಾಯಿತು. ಮುಂದಿನ ತಿಂಗಳು ಹದಿನೇಳು.

ಊರು ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಅಂಜನಪ್ಪ ಜಗುಲಿಯ ಮೇಲೆ ಕೂತಿದ್ದ. ಹೊನ್ನಕ್ಕ ತನ್ನ ಮನೆಯ ಕಡೆ ತಿರುಗುವವರೆಗೂ ಕಾದು, "ಏನಂದ್ರು?" ಎಂದ.

"ಕಣ್ಣು, ತುಟಿ ಮಾಡ್ತಾರಂತೆ. ಹದಿನೇಳಕ್ಕೆ ಹೋಗ್ಬೇಕು. ಇಪ್ಪತ್ತು ದಿನ ಅಲ್ಲೇ ಇರ್ಬೇಕು, ಅಕ್ಕ ಜತೆಗಿರ್ತಾಳೆ."

"ಆ ಕಾಗದ?"

"ಫೈಲಿಗೆ ಹಾಕ್ಕಂಡ್ರು. ಯಾರೂ ಓದ್ಲಿಲ್ಲ."

ಅಂಜನಪ್ಪನ ಹೆಗಲು ಕೆಳಗಿಳಿಯಿತು. ಮುಖ ಹಗುರಾಗಿ, "ಸುಸ್ತಾಗಿರ್ತದೆ, ಉಂಡು ಮಲಗು ಓಗು," ಎಂದ. ಆಸ್ಪತ್ರೆಯ ದಿನಗಳಿಂದ ಈಚೆಗೆ ಅಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು. ಗಂಗಾಲಕ್ಷ್ಮಿ ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ಓದೋದು ಬೇಕಾಗೇ ಇರ್ಲಿಲ್ಲ," ಎಂದಳು. "ಊರಿಗೆಲ್ಲ ಮೊದ್ಲಿಂದ್ಲೂ ಗೊತ್ತಂತೆ. ಅಕ್ಕ ಹೇಳಿದ್ಲು. ಕೊಡ್ಲಿ ಅವತ್ತು ಅವ್ರ ಮನೇಲಿತ್ತಂತೆ."

ಅಂಜನಪ್ಪ ಜಗುಲಿಯ ಅಂಚಿಗೆ ಸರಿದ. ಅವನು ತನ್ನ ಕಡೆ ನೋಡುತ್ತಾನೆ, ಈಗಲಾದರೂ ಒಂದು ಮಾತು ಬರುತ್ತದೆ ಎಂದು ಗಂಗಾಲಕ್ಷ್ಮಿ ಹೊಸಿಲ ಮೇಲೆ ನಿಂತು ಕಾದಳು. ಅವನ ಕಣ್ಣು ಅವಳನ್ನು ದಾಟಿ ಬೀದಿಯ ಕಡೆ, ಕಾಡಸಿದ್ದಪ್ಪನ ಅಂಗಡಿಯ ದೀಪದ ಕಡೆ ಹೋಯಿತು.

"ಅಂಗಾದ್ರೆ ಇಷ್ಟು ವರ್ಷ ನನ್ ಮುಂದೆ ಹೂಂಗುಟ್ಕಂಡು ಕುಂತು, ಹಿಂದೆ ನಗ್ತಿದ್ರಾ?" ಎಂದ. "ನನ್ನ ಕೋಡಂಗಿ ಮಾಡ್ಬುಟ್ರಾ ಎಲ್ರೂ?"

ಅವಳು ಒಳಗೆ ಹೋಗಿ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟಳು.

"ಕಾಡಸಿದ್ದಪ್ಪಂಗೆ ಗೊತ್ತಿತ್ತು ಅನ್ನು," ಎಂದು ಹೊರಗಿನಿಂದ ಅವನ ದನಿ ಬಂತು. "ಕದಿರಯ್ಯಂಗೂ ಗೊತ್ತಿತ್ತಾ? ವೋಟಿಗೆ ನಿಂತಾಗ ಅವ್ನೇ ಅಲ್ವಾ ಮನೆಮನೆಗೆ ಕರ್ಕಂಡೋಗಿ ಕಥೆ ಹೇಳ್ಸಿದ್ದು?"

ನೀರು ಕುದಿಯಿತು. ಅವಳು ಹಿಟ್ಟು ಸುರಿದು ಕೋಲು ಹಾಕಿದಳು.

"ಲೇ, ಕೇಳಿಸ್ತಾ? ದಿನಾ ಜತೇಲಿ ಟೀ ಕುಡಿಯೋ ಸಣ್ಣರಂಗಯ್ಯಂಗೆ? ಅವನಿಗೂ ಗೊತ್ತಿತ್ತಾ?"